ಮೊದಲು ಮುಚ್ಚಳ ತೆಗೆ, ಮಗು

ಜೇನುಪೆಟ್ಟಿಗೆ ಖಾಲಿಯಾಯಿತೆಂದು ಮುಖ ಸಣ್ಣದು ಮಾಡಿಕೊಂಡು ಬಂದಿದ್ದೀಯ. ಬಂದದ್ದೇ ತಡ, ಗುಡ್ಡದ ಮೇಲಿನ ಮೊಬೈಲ್ ಟವರಿನತ್ತ ಬೆರಳು ತೋರಿಸುತ್ತೀಯ. ಜೇನು ಹೋದದ್ದಕ್ಕೆ ನಿನಗೆ ಸಂಕಟವಾಗಿದೆಯಲ್ಲ, ಅಷ್ಟಾದರೂ ಸಾಕು, ನೀನು ಒಳ್ಳೆಯ ಜೇನುಗಾರನಾಗುತ್ತೀಯ. ಆದರೆ ಮುಚ್ಚಳ ಎತ್ತುವ ಮೊದಲೇ ತೀರ್ಪು ಹೇಳಿಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ನಮ್ಮ ವಿರಾಜಪೇಟೆಯಲ್ಲಿ 1936ರಲ್ಲೇ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತ್ತು. ಅಂಥ ಊರಿನಲ್ಲಿ 1991-92ರ ಸುಮಾರಿಗೆ ತೋಟ ತೋಟದಲ್ಲೂ ಪೆಟ್ಟಿಗೆಗಳು ಬರಿದಾದವು. ಬಂದದ್ದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ದಕ್ಷಿಣ ಭಾರತದ ಕುಟುಂಬಗಳಲ್ಲಿ ಶೇ. 90ರಷ್ಟು ಅದರಲ್ಲೇ ಅಳಿದವು. ನಮ್ಮ ದೇಶದ ಮೊದಲ ಮೊಬೈಲ್ ಕರೆ ನಡೆದದ್ದು 1995ರಲ್ಲಿ. ಜೇನಿಗೆ ಬಿದ್ದ ಅತಿ ದೊಡ್ಡ ಹೊಡೆತಕ್ಕೆ ಟವರು ಹೇಗೆ ಕಾರಣವಾದೀತು, ನೀನೇ ಹೇಳು. ಆಮೇಲೆ ಚಂಡೀಗಢದಲ್ಲಿ ಪೆಟ್ಟಿಗೆಗೇ ಫೋನು ಸಿಕ್ಕಿಸಿ ಒಂದು ಪರೀಕ್ಷೆ ಮಾಡಿದ್ದರು, ನಿಜ. ಬೆರಳೆಣಿಕೆಯ ಪೆಟ್ಟಿಗೆ ಅಷ್ಟೇ. ಅದನ್ನು ಹಿಡಿದು ದೂರದ ಗುಡ್ಡದ ಟವರಿಗೆ ಶಿಕ್ಷೆ ಕೊಡಲಾಗದು.

ಆ ರೋಗ ಬಂದ ಪೆಟ್ಟಿಗೆಯನ್ನು ಒಮ್ಮೆ ನೋಡಿದರೆ ಮರೆಯಲಾರೆ. ಎರಿಯ ಕಣ್ಣುಗಳಲ್ಲಿ ಮರಿಹುಳು ತಲೆ ಮೇಲೆತ್ತಿ ಸತ್ತಿರುತ್ತದೆ. ಚಿಮುಟದಿಂದ ಮೆಲ್ಲಗೆ ಎಳೆದರೆ ನೀರು ತುಂಬಿದ ಸಣ್ಣ ಚೀಲವಾಗಿ ಈಚೆ ಬರುತ್ತದೆ. ಮರಿಯೇ ಉಳಿಯದಿದ್ದರೆ ಕುಟುಂಬ ಎಷ್ಟು ದಿನ ನಿಂತೀತು? ಇದಕ್ಕೆ ಅಂಗಡಿಯ ಆ್ಯಂಟಿಬಯಾಟಿಕ್ ಸುರಿಯುವವರಿದ್ದಾರೆ. ವೈರಸ್ಸಿಗೆ ಅದು ನಾಟುವುದಿಲ್ಲ. ಒಂದು ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಕೂರಿಸುವುದಂತೂ ರೋಗವನ್ನು ಕೈಯಾರೆ ಹಂಚಿದಂತೆಯೇ. ಅಂದು ತಾಳಿಕೊಂಡು ಉಳಿದ ಕುಟುಂಬಗಳಿಂದಲೇ ಮತ್ತೆ ಜೇನು ಹಬ್ಬಿತು. ಅದಕ್ಕೇ ಹೇಳುವುದು, ಪಾಲು ಮಾಡುವಾಗ ಗಟ್ಟಿ ಕುಟುಂಬವನ್ನೇ ಆರಿಸು.

ಈಗ ಮುಚ್ಚಳ ತೆಗೆದು ನೋಡಿದರೆ ನಿನ್ನ ಪೆಟ್ಟಿಗೆಯಲ್ಲಿ ಸತ್ತ ಮರಿ ಇಲ್ಲ, ತುಪ್ಪವೂ ಇಲ್ಲ, ಎರಿ ಒಣಗಿದೆ. ಹಾಗಾದರೆ ಅವು ಹಸಿದು ಎದ್ದುಹೋಗಿವೆ. ತುಡುವೆ ಹಸಿವಾದರೆ, ಇರುವೆ ಕಾಡಿದರೆ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಕೆಣಕಿದರೆ ಮನೆ ಬಿಡುತ್ತದೆ, ಅದರ ಸ್ವಭಾವವೇ ಹಾಗೆ. ಮೇ ತಿಂಗಳಲ್ಲಿ ಕೊನೆಯ ತೊಟ್ಟೂ ಬಿಡದೆ ತುಪ್ಪ ಹಿಂಡಿಕೊಂಡೆ ಅಲ್ಲವೇ? ಜೂನಿನಿಂದ ನಮ್ಮ ಮಳೆ ಹಿಡಿದರೆ ಹುಳಕ್ಕೆ ಹೊರಗೆ ಹಾರಲು ಬಿಡುವಿಲ್ಲ, ಹಾರಿದರೂ ಹೂವಿಲ್ಲ. ಅದರ ಮಳೆಗಾಲದ ಊಟವನ್ನು ನೀನು ಬಾಟಲಿಗೆ ತುಂಬಿಸಿ ಮಾರಿದ್ದೀಯ.

ಎರಿಯಲ್ಲಿ ಬಲೆ ಕಟ್ಟಿದ ಮೇಣದ ಚಿಟ್ಟೆಯ ಹುಳು ಕಂಡಿತೆಂದೂ ಹೇಳಿದೆ. ಅದು ಜೇನುಹುಳ ಕಡಿಮೆಯಾದ ಮೇಲೆ ನುಗ್ಗುವ ಕಳ್ಳ. ತುಂಬಿದ ಕುಟುಂಬ ಅದನ್ನು ಹೊರಗೆ ಎಳೆದು ಹಾಕುತ್ತದೆ.

ಬಾಗಿಲ ಮುಂದೆ ಹುಳಗಳು ರಾಶಿ ಬಿದ್ದು ನಾಲಿಗೆ ಚಾಚಿ ಸತ್ತಿದ್ದರೆ ಮಾತ್ರ ಪಕ್ಕದ ತೋಟದ ಔಷಧಿ ಕ್ಯಾನು ನೆನಪಿಗೆ ಬರಲಿ. ಆಗ ಜಗಳಕ್ಕೆ ಹೋಗಬೇಡ, ಮಾತಾಡಲು ಹೋಗು. ರೊಬಸ್ಟಾ ಗಿಡ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟದು, ಇನ್ನೊಂದು ಗಿಡದ ಪರಾಗ ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ಹೂಮಳೆ ಬಿದ್ದು ತೋಟ ಬೆಳ್ಳಗಾಗಿರುವ ದಿನಗಳಲ್ಲಿ ಸಿಂಪಡಿಸಿದರೆ ನಷ್ಟ ಅವರಿಗೂ ಇದೆ. ಹೀಗೆ ಹೇಳಿದರೆ ಯಾವ ಬೆಳೆಗಾರನಾದರೂ ಕಿವಿಗೊಡುತ್ತಾನೆ. ಹಾಗೆಯೇ ನಿಮ್ಮ ತೋಟದ ನೇರಳೆ, ಮತ್ತಿ ಮರಗಳನ್ನು ನೆರಳು ಜಾಸ್ತಿಯೆಂದು ಕಡಿಸಬೇಡ. ಕಾಫಿ ಹೂ ನಾಲ್ಕು ದಿನದ ಸಂತೆ, ಉಳಿದ ದಿನ ಹುಳ ಉಣ್ಣುವುದು ಈ ಮರಗಳಲ್ಲಿ.

ಜೇನು ಅಳಿದರೆ ಮನುಷ್ಯನಿಗೆ ನಾಲ್ಕೇ ವರ್ಷ ಆಯುಸ್ಸೆಂದು ಐನ್‌ಸ್ಟೈನ್ ಹೇಳಿದರೆಂಬ ಮಾತನ್ನೂ ಎಲ್ಲರಿಗೂ ಕಳಿಸುತ್ತಿದ್ದೀಯಂತೆ. ಅವರು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಇನ್ನು 2006ರಲ್ಲಿ ಅಮೆರಿಕದಲ್ಲಿ ಹುಳಗಳು ಮಾಯವಾದ ಸುದ್ದಿ ಅಲ್ಲಿಯ ಮೆಲ್ಲಿಫೆರಾ ಜೇನಿನದು. ಆ ಜೇನನ್ನು ಹಿಂಡುವ ವರೋವಾ ನುಸಿ ಮೂಲದಲ್ಲಿ ನಮ್ಮ ತುಡುವೆಯ ಮೈಮೇಲೆಯೇ ಇದ್ದದ್ದು. ತುಡುವೆ ಅದನ್ನು ಕೆರೆದು ಕೊಡವಿ ಬದುಕಲು ಕಲಿತಿದೆ. ಅಲ್ಲಿಯ ಮದ್ದು ಇಲ್ಲಿಗೆ ಬೇಡ.

ಈಗ ಎದ್ದು ಪೆಟ್ಟಿಗೆ ತೊಳೆದು ಬಿಸಿಲಿಗಿಡು. ಹಳೆಯ ಕಪ್ಪು ಎರಿಗಳನ್ನು ತೆಗೆದುಹಾಕು. ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಕೊಡು, ಇರುವೆ ಹತ್ತದಿರಲಿ. ಹೊಸ ಕುಟುಂಬ ಕೂತ ಮೇಲೆ ಮಳೆಗಾಲದಲ್ಲಿ ಸಕ್ಕರೆ, ನೀರು ಸಮ ಸಮ ಕಲಸಿದ ಪಾಕವನ್ನು ಸಂಜೆ ಹೊತ್ತು ಇಡು. ಹಗಲು ಇಟ್ಟರೆ ಪಕ್ಕದ ಪೆಟ್ಟಿಗೆಯವು ದೋಚಲು ಬರುತ್ತವೆ.