ನೋವಿಗೂ ಒಂದು ಮಾತು: ಅನುಕರಣಾವ್ಯಯದ ಪಾಠಕ್ಕೆ ಜಪಾನಿನ ಆಸ್ಪತ್ರೆಯ ಅನುಭವ

ಅನುಕರಣಾವ್ಯಯ ಬೋಧಿಸುವಾಗ ನಾವು ಸಾಮಾನ್ಯವಾಗಿ ‘ಪಟಪಟ’, ‘ಚಟಚಟ’, ‘ಧಗಧಗ’ ಎಂದು ಹಲಗೆಯ ಮೇಲೆ ಬರೆದು, ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂದು ಹೇಳಿ ಮುಂದಿನ ಅಂಶಕ್ಕೆ ಹೋಗುತ್ತೇವೆ. ಬಿ.ಎಡ್. ಸೇರುವ ಮೊದಲು ನಾನು ಪತಿಯ ಉದ್ಯೋಗದ ಕಾರಣ ಜಪಾನಿನ ಯೊಕೊಹಾಮಾದಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆಯಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದಾಗ ಈ ಪುಟ್ಟ ವ್ಯಾಕರಣಾಂಶದ ತೂಕ ನನಗೆ ತಿಳಿಯಿತು. ಅದನ್ನು ಬೋಧನಾಭ್ಯಾಸದಲ್ಲಿ ಒಂಬತ್ತನೆಯ ತರಗತಿಯ ಪಾಠವಾಗಿಸಿದ ಬಗೆಯನ್ನು ಇಲ್ಲಿ ಹೇಳುತ್ತೇನೆ.

ವಾರ್ಡಿನ ದಿನಚರಿ

ನಾನಿದ್ದ ಕೋಣೆಯಲ್ಲಿ ನಾಲ್ಕು ಹಾಸಿಗೆ, ಸುತ್ತ ಪರದೆ. ಬೆಳಿಗ್ಗೆ 6ಕ್ಕೆ ದೀಪ, ಜ್ವರ ಮತ್ತು ರಕ್ತದೊತ್ತಡದ ತಪಾಸಣೆ. ಸಂಜೆ 6ಕ್ಕೇ ರಾತ್ರಿಯೂಟ. 9ಕ್ಕೆ ದೀಪ ಆರುತ್ತಿತ್ತು. ಫೋನಿನಲ್ಲಿ ಮಾತಾಡಬೇಕಾದರೆ ಹೊರಗಿನ ಹಜಾರಕ್ಕೆ ಹೋಗಬೇಕು. ನಮ್ಮಲ್ಲಿ ರೋಗಿಯ ಸುತ್ತ ನೆಂಟರು, ಎಳನೀರು, ಮಾತು ಇರುತ್ತವೆ; ಅಲ್ಲಿ ಮೌನವೇ ಉಪಚಾರ. ಶಸ್ತ್ರಚಿಕಿತ್ಸೆಯ ನಂತರ ಕೊಟ್ಟ ‘ಒಕಾಯು’ ನಮ್ಮ ಗಂಜಿಯೇ. ಜೊತೆಗೆ ಬಂದ ಹುಳಿಯಾದ ‘ಉಮೆಬೋಶಿ’ ಉಪ್ಪಿನಕಾಯಿಯ ನೆನಪು ತಂದಿತು. ಮಿಸೊ ಸಾರಿಗೆ ಸಾಮಾನ್ಯವಾಗಿ ಒಣಮೀನಿನ ಸತ್ವ ಸೇರುವುದರಿಂದ, ಸಸ್ಯಾಹಾರಿಯಾದ ನನಗೆ ಅದನ್ನು ಬಿಟ್ಟು ತಟ್ಟೆ ಕಳಿಸುತ್ತಿದ್ದರು.

ಊಟ, ನಿದ್ದೆಗೆ ಹೊಂದಿಕೊಂಡೆ. ಕಷ್ಟವಾದದ್ದು ನೋವನ್ನು ಹೇಳುವುದು. ದಾದಿ 0ರಿಂದ 10ರವರೆಗಿನ ಅಳತೆ ತೋರಿಸಿದರು, 6 ಎಂದೆ. ಅವರಿಗೆ ಅಷ್ಟು ಸಾಲಲಿಲ್ಲ. ಮುಷ್ಟಿಯನ್ನು ಬಿಗಿದು ಬಿಚ್ಚುತ್ತಾ ‘ಜುಕಿಜುಕಿ?’ ಎಂದರು. ಬೆರಳ ತುದಿಯಿಂದ ಕುಟ್ಟಿ ‘ಚಿಕುಚಿಕು?’ ಎಂದರು. ಕೈಯನ್ನು ತಿರುಚಿ ‘ಕಿರಿಕಿರಿ?’ ಎಂದಾಗ ಆ ನೋವಿನಲ್ಲೂ ನನಗೆ ನಗು ಬಂತು. ನಮ್ಮ ಕಿರಿಕಿರಿ ಮನಸ್ಸಿನದು, ಅವರದು ಹೊಟ್ಟೆ ಹಿಂಡುವ ತೀಕ್ಷ್ಣ ನೋವು. ನಾಡಿಯೊಡನೆ ಮಿಡಿಯುವ ನೋವು ಜುಕಿಜುಕಿ, ಸೂಜಿ ಚುಚ್ಚಿದಂತಿದ್ದರೆ ಚಿಕುಚಿಕು, ಚರ್ಮದ ಉರಿ ಹಿರಿಹಿರಿ, ತಲೆ ಸಿಡಿಯುವುದು ಗಾನ್‌ಗಾನ್. ರೋಗಿ ಬಳಸುವ ಇಂಥ ಪದವನ್ನು ಅಲ್ಲಿ ವೈದ್ಯರೂ ಗಮನಿಸಿ ಕೇಳುತ್ತಾರೆ. ಇದು ಮಕ್ಕಳಾಟದ ಮಾತಲ್ಲ, ರೋಗ ಗುರುತಿಸಲು ನೆರವಾಗುವ ಮಾಹಿತಿ.

ಪಾಠದ ತಿರುಳು

ಜಪಾನಿ ಭಾಷೆ ಇಂಥ ಪದಗಳನ್ನು ಎರಡಾಗಿ ವಿಂಗಡಿಸುತ್ತದೆ. ಕೇಳುವ ಸದ್ದನ್ನು ಅನುಕರಿಸುವುದು ‘ಗಿಒಂಗೊ’, ಸದ್ದಿಲ್ಲದ ಸ್ಥಿತಿಯನ್ನು ಸೂಚಿಸುವುದು ‘ಗಿತೈಗೊ’. ನಮ್ಮ ವ್ಯಾಕರಣ ಪಾಠದಲ್ಲಿ ಧ್ವನಿಯ ಅನುಕರಣೆಗೇ ಒತ್ತು. ಆದರೆ ತಲೆ ‘ಗಿರಗಿರ’ ತಿರುಗುವಾಗ ಯಾವ ಸದ್ದು ಕೇಳುತ್ತದೆ? ಕಾಲು ‘ಜುಮುಜುಮು’ ಎನ್ನುವಾಗ? ಈ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ.

ಹಂತ 1: ಹಲಗೆಯ ಮೇಲೆ ‘ಕಿವಿಗೆ ಕೇಳುವುದು’, ‘ಮೈಗೆ ಅನಿಸುವುದು’ ಎಂಬ ಎರಡು ಅಂಕಣ. ಗೊರಗೊರ, ಗುಡುಗುಡು ಮೊದಲನೆಯದಕ್ಕೆ ಹೋದವು. ಚುರುಚುರು, ಗಿರಗಿರ ಎರಡನೆಯದಕ್ಕೆ. ‘ಡವಡವ’ ಎಲ್ಲಿಗೆ ಎಂಬ ಬಗ್ಗೆ ಐದು ನಿಮಿಷ ವಾದ ನಡೆಯಿತು. ಎರಡೂ ಕಡೆ ಬರೆದೆವು.

ಹಂತ 2: ಮನೆಯ ಹಿರಿಯರನ್ನು ಕೇಳಿ ಪದ ತರುವುದು. ಮರುದಿನ ‘ತಲೆ ಧಿಮ್ ಅಂತದೆ’, ‘ಕಿವಿ ಗುಂಯ್ ಅಂತದೆ’ ಎಂಬ ಅಜ್ಜಿಯರ ಮಾತುಗಳು ಬಂದವು. ಆಡುಮಾತೆಂದು ತಿದ್ದದೆ ಹಾಗೆಯೇ ಬರೆದುಕೊಂಡೆ.

ಹಂತ 3: ವೈದ್ಯ ಮತ್ತು ರೋಗಿಯ ಪಾತ್ರಾಭಿನಯ. ‘ನೋವು’ ಎಂಬ ಪದ ಬಳಸುವಂತಿಲ್ಲ. ಎಲ್ಲಿ, ಯಾವಾಗ, ಹೇಗೆ ಎಂಬ ಮೂರಕ್ಕೆ ಉತ್ತರ ಬರಬೇಕು. ಕಾಯಿಲೆಯನ್ನು ಚೀಟಿಯಲ್ಲಿ ನಾನೇ ಬರೆದು ಕೊಟ್ಟೆ. ಸ್ವಂತ ಕಾಯಿಲೆಯನ್ನು ತರಗತಿಯ ಮುಂದೆ ಹೇಳುವಂತೆ ಯಾವ ಮಗುವನ್ನೂ ಒತ್ತಾಯಿಸಬಾರದು.

ಹಂತ 4: ಇಷ್ಟವಿದ್ದವರು ತಮ್ಮ ಅನುಭವವನ್ನು ಎರಡು ವಾಕ್ಯದಲ್ಲಿ ಬರೆದು ನನಗೆ ಮಾತ್ರ ಕೊಡುವುದು.

ಈ ಬರಹಗಳಲ್ಲಿ ಒಂದು ನನ್ನನ್ನು ತಡೆದು ನಿಲ್ಲಿಸಿತು. ಆಗಾಗ ‘ಹೊಟ್ಟೆನೋವು ಮಿಸ್’ ಎಂದು ಡೆಸ್ಕಿನ ಮೇಲೆ ತಲೆಯಿಡುತ್ತಿದ್ದ ಹುಡುಗಿ ಬರೆದಿದ್ದಳು: ‘ಎರಡನೇ ಪೀರಿಯಡ್ಡಿನಿಂದ ಹೊಟ್ಟೆ ಚುರುಚುರು ಅನ್ನುತ್ತದೆ. ಬಿಸಿಯೂಟ ಆದಮೇಲೆ ಇರುವುದಿಲ್ಲ.’ ತರಗತಿ ಶಿಕ್ಷಕಿಗೆ ಮಾತ್ರ ತಿಳಿಸಿದೆ. ಬೆಳಗಿನ ಮೊದಲ ಬಸ್ಸು ಹಿಡಿಯಲು ಆಕೆ ಏನೂ ತಿನ್ನದೆ ಹೊರಡುತ್ತಿದ್ದಳೆಂದು ಅವರು ವಿಚಾರಿಸಿದಾಗ ತಿಳಿಯಿತು. ಈಗ ತಾಯಿ ರಾತ್ರಿಯೇ ಒಂದು ರೊಟ್ಟಿ ಕಟ್ಟಿಡುತ್ತಾರೆ. ಪ್ರಾರ್ಥನೆಗೆ ಮೊದಲು ತಿನ್ನಲು ಶಿಕ್ಷಕಿ ಸಮಯ ಕೊಡುತ್ತಾರೆ. ‘ಹೊಟ್ಟೆನೋವು’ ಎಂಬ ಪದ ವಾರಗಟ್ಟಲೆ ಮುಚ್ಚಿಟ್ಟದ್ದನ್ನು ‘ಚುರುಚುರು’ ಒಂದೇ ಸಾಲಿನಲ್ಲಿ ಹೇಳಿತ್ತು.

ಸಹಪಾಠಿಗಳಿಗೆ ಸೂಚನೆ

ಈ ಪಾಠಕ್ಕೆ ಎರಡು ಅವಧಿ ಬೇಕು. ಮೌಲ್ಯಮಾಪನದಲ್ಲಿ ವ್ಯಾಖ್ಯೆ ಕೇಳುವ ಬದಲು ಒಂದು ಸನ್ನಿವೇಶ ಕೊಟ್ಟು ಪದ ಆರಿಸಲು, ಆರಿಸಿದ್ದೇಕೆಂದು ಹೇಳಲು ತಿಳಿಸಿರಿ. ಮನೆಮಾತು ಬೇರೆಯಾದ ಮಕ್ಕಳಿದ್ದರೆ ಅವರ ಭಾಷೆಯ ಪದಗಳಿಗೂ ಹಲಗೆಯಲ್ಲಿ ಜಾಗ ಕೊಡಿರಿ. ಅರ್ಥವನ್ನು ಅಭಿನಯದಿಂದ ತೋರಿಸಲಿ. ಜಪಾನಿ ತಿಳಿಯದ ನನಗೆ ಆ ದಾದಿಯ ಕೈಸನ್ನೆಯಿಂದಲೇ ಅಷ್ಟೂ ಪದ ತಿಳಿದಿತ್ತು. ಸಿದ್ಧವಾದ ಪಟ್ಟಿಯನ್ನು ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಪಕ್ಕ ಅಂಟಿಸಿದರೆ, ಮಗು ‘ನೋವು’ ಎಂದಾಗ ಮುಂದೇನು ಕೇಳಬೇಕೆಂಬುದು ಎಲ್ಲ ಶಿಕ್ಷಕರ ಕಣ್ಣೆದುರೂ ಇರುತ್ತದೆ.