ಕ್ಯಾರವಾನ್‌ಗೆ ಇರುವೆ ಹತ್ತಿದರೆ

ಹಾಸನದಿಂದ ಬೇಲೂರಿಗೆ ಹೋಗುವಾಗ ಹಳೇಬೀಡಿಗೆ ಬಲಕ್ಕೆ ತಿರುಗುವುದು ಹಗರೆಯಲ್ಲಿ. 2023ರಲ್ಲಿ ಎರಡೂ ಊರಿನ ಹೊಯ್ಸಳ ದೇಗುಲಗಳು ಯುನೆಸ್ಕೊ ಪಟ್ಟಿ ಸೇರಿದವು. ಅವನ್ನು ಸಾವಕಾಶವಾಗಿ ನೋಡಲು ಕ್ಯಾರವಾನಿನಲ್ಲೋ, ಮಂಚ–ಒಲೆ ಕೂರಿಸಿದ ಟೆಂಪೊ ಟ್ರಾವೆಲರಿನಲ್ಲೋ ಬಂದವರಿಗೆ ರಾತ್ರಿ ತಂಗಲು ಈ ಕವಲು ಅನುಕೂಲ. ಮಾವಿನ ಮರದಡಿ ಗಾಡಿ ನಿಲ್ಲಿಸಿ ಮಲಗಿದರೆ ಬೆಳಿಗ್ಗೆ ಸಕ್ಕರೆ ಡಬ್ಬಿಯ ತುಂಬ ಇರುವೆ. ಮಳೆಗಾಲದಲ್ಲಂತೂ ನೆಲದ ಗೂಡಿಗೆ ನೀರು ನುಗ್ಗಿ, ಅವು ಒಣ ಜಾಗ ಹುಡುಕಿಕೊಂಡೇ ಬರುತ್ತವೆ.

ಮೊದಲ ಹಂತ: ಕೈಗೆತ್ತಿಕೊಂಡ ಸ್ಪ್ರೇ ಡಬ್ಬಿಯನ್ನು ಕೆಳಗಿಡಿ. ಅದು ಕಣ್ಣಿಗೆ ಬಿದ್ದ ಇರುವೆಗಳನ್ನಷ್ಟೇ ಕೊಲ್ಲುತ್ತದೆ. ಮೊಟ್ಟೆಯಿಡುವ ರಾಣಿ ಗೂಡಿನಲ್ಲಿ ಕ್ಷೇಮವಾಗಿರುತ್ತಾಳೆ. ಮುಚ್ಚಿದ ಗಾಡಿ, ಒಳಗೆ ಗ್ಯಾಸ್ ಒಲೆ, ಅದರ ಮಧ್ಯೆ ಬೆಂಕಿ ಹಿಡಿಯುವ ಸ್ಪ್ರೇ ಬೇಡವೇ ಬೇಡ.

ಎರಡನೆಯದು, ಸಾಲು ಹಿಡಿದು ಹೋಗುವುದು. ಟಾರ್ಚ್ ಹಿಡಿದು ಸಕ್ಕರೆ ಡಬ್ಬಿಯಿಂದ ಹಿಂದಕ್ಕೆ ನೋಡುತ್ತ ಹೋಗಿ. ಹೊರಗಿನಿಂದ ಬರುವ ಇರುವೆಗೆ ದಾರಿಗಳು ಕೆಲವೇ: ಚಕ್ರ, ಜಾಕ್, ಕರೆಂಟಿನ ವೈರು, ನೀರಿನ ಪೈಪು, ಚಾವಣಿಗೆ ತಾಗಿದ ಕೊಂಬೆ. ಕೊಂಬೆಯಿಂದ ಇಳಿದವು ಕೆಂಜಿಗಗಳಾದರೆ ಅವುಗಳ ಎಲೆಗೂಡು ಮರದಲ್ಲೇ ಇರುತ್ತದೆ. ಗಾಡಿಯನ್ನು ಬಯಲಿಗೆ ತನ್ನಿ, ಕಸಬರಿಕೆಯಿಂದ ಗುಡಿಸಿ ಹಾಕಿ, ಮುಗಿಯಿತು.

ಮನೆಗಿಲ್ಲದ ಅನುಕೂಲ ಗಾಡಿಗಿದೆ: ಗೂಡನ್ನು ಬಿಟ್ಟು ಹೊರಟುಬಿಡಬಹುದು. ಜಾಗ ಬದಲಿಸಿ ಮೂರು ನಾಲ್ಕು ದಿನ ಕಾಯಿರಿ. ಗೂಡು ಹಿಂದೆಯೇ ಉಳಿದಿದ್ದರೆ ಇರುವೆ ದಿನೇ ದಿನೇ ಕಡಿಮೆಯಾಗುತ್ತದೆ. ಆಗದಿದ್ದರೆ ಗೂಡು ಒಳಗೇ ಇದೆ ಎಂದು ಹಿಡಿಯಿರಿ. ಸಾಮಾನ್ಯವಾಗಿ ಸಿಂಕಿನ ಹಿಂದೆ, ಬಾಗಿಲ ರಬ್ಬರಿನ ಸಂದಿಯಲ್ಲಿ, ಗೋಡೆಯ ಥರ್ಮೊಕೋಲಿನೊಳಗೆ.

ಆಗ ಮೂರನೇ ಹಂತ, ವಿಷದ ಊಟ. ಕಾಲು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಕ್ಕರೆ, ಅರ್ಧ ಟೀ ಚಮಚ ಬೋರಿಕ್ ಪುಡಿ ಹಾಕಿ ಕರಗಿಸಿ. ಪುಡಿಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ. ಬಾಟಲಿ ಮುಚ್ಚಳದಲ್ಲಿ ಹತ್ತಿಯುಂಡೆ ಇಟ್ಟು, ಅದು ನೆನೆಯುವಷ್ಟು ಹೊಯ್ದು, ಸಾಲಿನ ಪಕ್ಕದಲ್ಲೇ ಇಡಿ. ಬೇಗ ಸಾಯಲೆಂದು ಪುಡಿ ಹೆಚ್ಚಿಸಿದರೆ ಕೆಲಸ ಕೆಡುತ್ತದೆ. ಇರುವೆ ಬದುಕಿ ಗೂಡಿಗೆ ಮರಳಿ, ಹೊಟ್ಟೆಯಲ್ಲಿದ್ದುದನ್ನು ಬಾಯಿಂದ ಬಾಯಿಗೆ ಹಂಚಿದರೆ ತಾನೆ ಅದು ರಾಣಿಯವರೆಗೆ ಹೋಗುವುದು? ಮೊದಲ ದಿನ ಹತ್ತಿಯ ಸುತ್ತ ಜಾತ್ರೆ ನೆರೆಯುತ್ತದೆ. ಗಾಬರಿಯಾಗಬೇಡಿ, ಒರೆಸಬೇಡಿ. ಹತ್ತಿರದಲ್ಲಿ ಇರುವೆ ಚಾಕನ್ನೂ ಗೀಚಬೇಡಿ. ಸಿಹಿ ಮುಟ್ಟದಿದ್ದರೆ ಅರೆದ ಕಡಲೆಕಾಯಿ ಬೀಜಕ್ಕೆ ಚಿಟಿಕೆ ಬೋರಿಕ್ ಕಲಸಿಡಿ. ಎರಡು ದಿನಕ್ಕೊಮ್ಮೆ ಹೊಸದು ಹಾಕಿ. ಒಂದೆರಡು ವಾರ ಹಿಡಿಯಬಹುದು. ಮಕ್ಕಳಿಗೂ ನಾಯಿಗೂ ಎಟುಕಬಾರದು.

ಸಾಲು ನಿಂತ ಮೇಲೆ ಸೋಪು ನೀರಿನಿಂದ ದಾರಿಯನ್ನೆಲ್ಲ ಒರೆಸಿ; ಹಿಂದಿನವು ಬಿಟ್ಟ ವಾಸನೆ ಹಿಡಿದೇ ಮುಂದಿನವು ಬರುವುದು. ಅರಿಸಿನ ಉದುರಿಸಿದರೆ ಅವು ಸುತ್ತಿ ಬಳಸಿ ಬರುತ್ತವೆ, ಅಷ್ಟೆ.

ಕೊನೆಗೆ ಬಂದೋಬಸ್ತು. ವೈರು, ಪೈಪು ಒಳಹೊಗುವ ತೂತುಗಳಿಗೆ ಸಿಲಿಕಾನ್ ತುಂಬಿ. ಗಾಡಿ ಹೆಚ್ಚು ದಿನ ನಿಲ್ಲುವುದಾದರೆ ವೈರಿಗೆ ಒಂದು ಗೇಣು ಟೇಪ್ ಸುತ್ತಿ, ಅದರ ಮೇಲೆ ವ್ಯಾಸಲೀನ್ ದಪ್ಪಗೆ ಬಳಿಯಿರಿ. ಜಾಕಿನ ಕಾಲುಗಳನ್ನು ಸೋಪು ನೀರಿನ ತಟ್ಟೆಯಲ್ಲಿಡಿ. ಧೂಳು ಕೂತರೆ ವ್ಯಾಸಲೀನಿನ ಮೇಲೂ ಇರುವೆ ನಡೆಯುತ್ತದೆ. ವಾರಕ್ಕೊಮ್ಮೆ ಒರೆಸಿ ಮತ್ತೆ ಬಳಿಯಬೇಕು.