ರಕ್ತ: ಶರೀರದ ಜೀವವಾಹಿನಿ

ಮಾನವ ಶರೀರವು ಕೋಟ್ಯನುಕೋಟಿ ಜೀವಕೋಶಗಳ ಒಂದು ದೊಡ್ಡ ಸಂಸಾರ. ಇಲ್ಲಿಯ ಪ್ರತಿಯೊಂದು ಕೋಶಕ್ಕೂ ಆಹಾರ ಬೇಕು, ಆಮ್ಲಜನಕ ಬೇಕು. ಪ್ರತಿಯೊಂದು ಕೋಶದ ಕಲ್ಮಷವನ್ನೂ ಹೊರಸಾಗಿಸಬೇಕು. ಹಗಲಿರುಳೆನ್ನದೆ ಈ ಕಾಯಕವನ್ನು ನಡೆಸುವ ದ್ರವವೇ ರಕ್ತ. ರಕ್ತವು ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳಲ್ಲಿ ವ್ಯಯವಾಗಿ ಹೋಗುತ್ತದೆಂದು ಯುರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ಅದು ಹೃದಯದಿಂದ ಹೊರಟು ಮತ್ತೆ ಹೃದಯಕ್ಕೇ ಮರಳುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರಯೋಗಗಳ ಆಧಾರದಿಂದ ಸಿದ್ಧಪಡಿಸಿದನು.

ರಕ್ತದ ಘಟಕಗಳು

ಪ್ರಾಯದ ಮನುಷ್ಯನ ಶರೀರದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದನ್ನು ಹೆಪ್ಪುಗಟ್ಟದಂತೆ ಮಾಡಿ, ನಳಿಕೆಯಲ್ಲಿಟ್ಟು ವೇಗವಾಗಿ ತಿರುಗಿಸಿದರೆ ಮೂರು ಪದರಗಳು ಕಾಣುತ್ತವೆ. ಮೇಲಿನದು ತಿಳಿಹಳದಿ ಬಣ್ಣದ ರಕ್ತರಸ. ಇದು ಒಟ್ಟು ರಕ್ತದ ಶೇಕಡಾ 55ರಷ್ಟು. ತಳದಲ್ಲಿ ಕೆಂಪು ರಕ್ತಕಣಗಳು. ಇವೆರಡರ ನಡುವೆ ಎಳೆಯಷ್ಟು ತೆಳುವಾದ ಪದರದಲ್ಲಿ ಬಿಳಿ ರಕ್ತಕಣಗಳೂ ಕಿರುತಟ್ಟೆಗಳೂ ಇರುತ್ತವೆ.

ರಕ್ತರಸದ ಶೇಕಡಾ 90ಕ್ಕೂ ಹೆಚ್ಚು ಭಾಗ ನೀರು. ಅದರಲ್ಲಿ ಪ್ರೋಟೀನು, ಲವಣ, ಗ್ಲೂಕೋಸು, ಹಾರ್ಮೋನುಗಳು ಕರಗಿರುತ್ತವೆ. ಕರುಳಿನಲ್ಲಿ ಜೀರ್ಣವಾದ ಆಹಾರದ ಸಾರವು ಅಂಗಾಂಗಗಳನ್ನು ಮುಟ್ಟುವುದೂ, ಯೂರಿಯಾದಂಥ ಕಲ್ಮಷವು ಮೂತ್ರಪಿಂಡಗಳಿಗೆ ಸಾಗುವುದೂ ಈ ರಸದ ಮೂಲಕವೇ. ಶರೀರದ ಉಷ್ಣವನ್ನು ಎಲ್ಲೆಡೆ ಸಮವಾಗಿ ಹಂಚುವುದೂ ರಕ್ತದ ಕೆಲಸವೇ.

ಕೆಂಪು ರಕ್ತಕಣಗಳು ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 45ರಿಂದ 55 ಲಕ್ಷದಷ್ಟಿರುತ್ತವೆ. ಇವುಗಳ ಆಕಾರ ಎರಡೂ ಬದಿಯಲ್ಲಿ ನಡುಭಾಗ ತಗ್ಗಿದ ಬಿಲ್ಲೆಯಂತೆ. ಪಕ್ವವಾದ ಕಣದಲ್ಲಿ ಕೋಶಕೇಂದ್ರವಿರುವುದಿಲ್ಲ. ಆ ಸ್ಥಳವನ್ನೆಲ್ಲ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವು ತುಂಬಿರುತ್ತದೆ. ಹಿಮೋಗ್ಲೋಬಿನ್ನಿನ ಒಂದು ಅಣುವಿನಲ್ಲಿ ಕಬ್ಬಿಣದ ನಾಲ್ಕು ಪರಮಾಣುಗಳಿರುತ್ತವೆ. ಶ್ವಾಸಕೋಶಗಳಲ್ಲಿ ಆಮ್ಲಜನಕವನ್ನು ಹಿಡಿದುಕೊಂಡು, ಅಂಗಾಂಶಗಳಲ್ಲಿ ಬಿಟ್ಟುಕೊಡುವ ಸಾಮರ್ಥ್ಯವು ಈ ಕಬ್ಬಿಣದಿಂದಲೇ ಬಂದುದು.

ಕೆಂಪುಕಣದ ಆಯುಷ್ಯ ಸುಮಾರು 120 ದಿನ. ಮುಪ್ಪಾದ ಕಣಗಳು ಗುಲ್ಮ ಮತ್ತು ಯಕೃತ್ತಿನಲ್ಲಿ ನಾಶವಾಗುತ್ತವೆ. ಅವುಗಳ ಕಬ್ಬಿಣವು ಮಾತ್ರ ವ್ಯರ್ಥವಾಗದೆ ಹೊಸ ಕಣಗಳಿಗೆ ಒದಗುತ್ತದೆ. ಅಸ್ಥಿಮಜ್ಜೆಯು ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕೆಂಪುಕಣಗಳನ್ನು ಸಿದ್ಧಪಡಿಸುತ್ತಲೇ ಇರುತ್ತದೆ. ರಕ್ತವು ಕೂಡಿಟ್ಟ ಧನವಲ್ಲ, ನಿತ್ಯ ನೂತನವಾಗುವ ಸಂಪತ್ತು ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಬಿಳಿ ರಕ್ತಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಅವುಗಳಲ್ಲಿ ಕೆಲವು ರೋಗಾಣುವನ್ನು ನುಂಗಿ ನಾಶಮಾಡಿದರೆ, ಕೆಲವು ಪ್ರತಿಕಾಯಗಳನ್ನು ನಿರ್ಮಿಸುತ್ತವೆ. ಗಾಯವಾದಾಗ ಕಿರುತಟ್ಟೆಗಳು ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆ. ರಕ್ತರಸದ ಫೈಬ್ರಿನೋಜನ್ ಎಂಬ ಪ್ರೋಟೀನು ಫೈಬ್ರಿನ್ ಎಳೆಗಳಾಗಿ ಮಾರ್ಪಟ್ಟು ಬಲೆಯನ್ನು ಹೆಣೆಯುತ್ತದೆ. ಹೀಗೆ ರಕ್ತವು ಹೆಪ್ಪುಗಟ್ಟಿ ಸ್ರಾವ ನಿಲ್ಲುತ್ತದೆ.

ರಕ್ತಹೀನತೆ

ಕಬ್ಬಿಣಾಂಶದ ಕೊರತೆಯಾದರೆ ಹಿಮೋಗ್ಲೋಬಿನ್ ತಗ್ಗುತ್ತದೆ. ಆಯಾಸ, ಏದುಸಿರು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು. ಇಂಥ ಮಗುವನ್ನು ಸೋಮಾರಿಯೆಂದು ಜರೆಯುವುದು ಅನ್ಯಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಸೊಪ್ಪು, ಕಾಳುಗಳಲ್ಲಿ ಕಬ್ಬಿಣವಿದ್ದರೂ ಶರೀರವು ಅದನ್ನು ಹೀರಿಕೊಳ್ಳುವುದು ಸ್ವಲ್ಪವೇ. ಊಟದೊಡನೆ ನಿಂಬೆ, ನೆಲ್ಲಿ ಇದ್ದರೆ ಆ ಪ್ರಮಾಣ ಹೆಚ್ಚುತ್ತದೆ. ಊಟವಾದೊಡನೆ ಚಹಾ ಕುಡಿದರೆ ಕುಗ್ಗುತ್ತದೆ. ಕರುಳಿನ ಕೊಕ್ಕೆಹುಳುವೂ ರಕ್ತವನ್ನು ಹೀರುವುದರಿಂದ ಬರಿಗಾಲಿನಲ್ಲಿ ಬಯಲಿಗೆ ಹೋಗುವುದನ್ನು ಬಿಡಬೇಕು.

ರಕ್ತದ ಗುಂಪುಗಳು

ಹಿಂದೆ ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ಕೊಟ್ಟಾಗ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಇದರ ರಹಸ್ಯವನ್ನು 1901ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಬಿಡಿಸಿದನು. ಕೆಂಪುಕಣಗಳ ಮೇಲಿನ ಗುರುತುಗಳಿಗೆ ಅನುಸಾರವಾಗಿ ರಕ್ತವನ್ನು ಎ, ಬಿ, ಎಬಿ, ಓ ಎಂದು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿದೆ. ಹೊಂದದ ರಕ್ತವನ್ನು ಕೊಟ್ಟರೆ ಕಣಗಳು ಗಂಟುಗಟ್ಟಿ ಒಡೆಯುತ್ತವೆ. ಈ ಶೋಧಕ್ಕಾಗಿ ಅವನಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಗುರುತುಗಳು ಕುಲ ಗೋತ್ರಗಳನ್ನು ಅರಿಯವು. ನಾಲ್ಕೂ ಗುಂಪಿನವರು ಎಲ್ಲ ಜಾತಿ ಮತಗಳಲ್ಲಿಯೂ ಇದ್ದಾರೆ. ತಂದೆ ಎ, ತಾಯಿ ಬಿ ಗುಂಪಿನವರಾದರೆ ಮಕ್ಕಳು ನಾಲ್ಕರಲ್ಲಿ ಯಾವ ಗುಂಪಿನವರಾದರೂ ಆಗಬಹುದು. ಆದುದರಿಂದ ಒಡಹುಟ್ಟಿದ ಅಣ್ಣನ ರಕ್ತವು ತಮ್ಮನಿಗೆ ಹೊಂದದೆ, ಎಂದೂ ಕಾಣದ ಪರವೂರಿನವನ ರಕ್ತವು ಹೊಂದಬಹುದು. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ‘ಬಾಂಬೆ’ ಗುಂಪಿನವರಿಗಂತೂ ಓ ಗುಂಪಿನ ರಕ್ತವೂ ಸಲ್ಲದು. ಅದೇ ವಿರಳ ಗುಂಪಿನ ದಾನಿಯೇ ದೊರೆಯಬೇಕು.

ರಕ್ತದಾನ

ವಿಜ್ಞಾನವು ಇಷ್ಟು ಮುಂದುವರಿದರೂ ರಕ್ತವನ್ನು ಕಾರ್ಖಾನೆಯಲ್ಲಿ ತಯಾರಿಸಿ ರೋಗಿಗಳಿಗೆ ಒದಗಿಸುವ ಸ್ಥಿತಿ ಬಂದಿಲ್ಲ. ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ, ಅಪಘಾತದಲ್ಲಿ ಗಾಯಗೊಂಡವನಿಗೆ ಮನುಷ್ಯನೇ ಕೊಡಬೇಕು. ಶೇಖರಿಸಿಟ್ಟ ಕೆಂಪುಕಣಗಳು 35ರಿಂದ 42 ದಿನ ಮಾತ್ರ ಉಳಿಯುತ್ತವೆ. ಕಿರುತಟ್ಟೆಗಳು ಸುಮಾರು 5 ದಿನ. ಆದುದರಿಂದ ಒಂದು ದಿನದ ಉತ್ಸಾಹ ಸಾಲದು.

18 ವರ್ಷ ತುಂಬಿದ, 45 ಕಿಲೋಗ್ರಾಂಗೆ ಕಡಮೆಯಿಲ್ಲದ ತೂಕವುಳ್ಳ, ಹಿಮೋಗ್ಲೋಬಿನ್ 12.5 ಗ್ರಾಂ ಇರುವ ಆರೋಗ್ಯವಂತರು ವೈದ್ಯರ ಪರೀಕ್ಷೆಯ ನಂತರ ರಕ್ತ ಕೊಡಬಹುದು. ತೆಗೆಯುವುದು 350 ಅಥವಾ 450 ಮಿಲಿಲೀಟರ್. ಕಳೆದ ದ್ರವಭಾಗವು ಒಂದೆರಡು ದಿನಗಳಲ್ಲಿ, ಕಣಗಳು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಹಣಕ್ಕಾಗಿ ರಕ್ತ ಮಾರುವುದು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 1998ರ ಜನವರಿ 1ರಿಂದ ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ.

ಅನ್ನದಾಸೋಹ, ಜ್ಞಾನದಾಸೋಹಗಳ ನೆರಳಿನಲ್ಲಿ ಬೆಳೆಯುವ ವಿದ್ಯಾರ್ಥಿಗಳಿಗೆ ದಾಸೋಹದ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಪಡೆಯುವವನ ಕುಲವನ್ನು ಕೇಳದೆ ನೀಡುವುದು ಅದರ ನಿಯಮ. ಇಂದು ತಮ್ಮ ರಕ್ತವನ್ನು ಒಳ್ಳೆಯ ಆಹಾರದಿಂದ ಪುಷ್ಟಿಗೊಳಿಸಿಕೊಂಡು, ಪ್ರಾಯಕ್ಕೆ ಬಂದಾಗ ಅದರಲ್ಲೊಂದಂಶವನ್ನು ಅಪರಿಚಿತನ ಜೀವಕ್ಕಾಗಿ ನೀಡಿದರೆ, ತರಗತಿಯಲ್ಲಿ ಕಲಿತ ಈ ಪಾಠವು ಸಾರ್ಥಕವಾದಂತೆ.